ಕುತ್ತಿಗೆಯಿಲ್ಲದ ನಾಣ್ಯ

"ನನ್ನ ಬಾಯಿ ಬಿಡಿಸೋ ಗಂಡಸು ಇನ್ನೂ ಹುಟ್ಟಿಲ್ಲ," ಎಂದು ಸುತ್ತಿಗೆಯಕ್ಕ ಚಹಾದಂಗಡಿಯ ಮೇಜು ಗುದ್ದಿದಳು. "ಯಾವಳದಾದ್ರೂ ಹೊಟ್ಟೇಲಿ ಇದ್ರೂ, ನನ್ನ ಹೆಸರು ಕೇಳಿ ಅಲ್ಲೇ ಮುದುರಿಕೊಂಡಿರ್ತಾನೆ. ಹೊರಗೆ ಬರಲ್ಲ."

ಮೇಜಿನ ಮೇಲಿದ್ದ ಗ್ಲಾಸುಗಳು ಗೇಣುದ್ದ ಮೇಲೆದ್ದು, ಒಂದು ತೊಟ್ಟೂ ಚೆಲ್ಲದೆ ಅವರವರ ಮುಂದೆಯೇ ಬಂದು ಕೂತವು. ಗುಜರಿ ಬೀದಿಯ ಗ್ಲಾಸುಗಳಿಗೆ ಅಷ್ಟು ಅಭ್ಯಾಸವಾಗಿತ್ತು.

ಹಳೆಯ ಕಾರು, ಲಾರಿ, ಬಸ್ಸುಗಳನ್ನು ಒಡೆದು ಬಿಡಿಬಿಡಿ ಮಾಡುವುದು ಅವಳ ಕೆಲಸ. ಬೇರೆಯವರು ಗ್ಯಾಸ್ ಕಟರ್ ಹಿಡಿದು ಅರ್ಧ ದಿನ ಒದ್ದಾಡುವ ಎಂಜಿನ್ನನ್ನು ಅವಳು ಬರೀ ಸುತ್ತಿಗೆಯಲ್ಲಿ, ಚಹಾ ಆರುವಷ್ಟರೊಳಗೆ ಬಿಚ್ಚಿ ಹರಡುತ್ತಿದ್ದಳು. ಅವಳು ಹತ್ತಿರ ಬರುವುದನ್ನು ನೋಡಿದ ಕೂಡಲೇ ಕೆಲವು ಕಾರುಗಳು ತಾವಾಗಿಯೇ ಬಾಗಿಲು ಕಳಚಿಕೊಳ್ಳುತ್ತಿದ್ದವು ಎಂದು ಬೀದಿಯಲ್ಲಿ ಹೇಳುತ್ತಾರೆ. ಅದು ಸುಳ್ಳು. ಹಾಗೆ ಕಳಚಿಕೊಂಡದ್ದು ಒಂದೇ ಒಂದು ಕಾರು, ಅದೂ ಹಿಂಬಾಗಿಲು ಮಾತ್ರ. ಒಮ್ಮೆ ಕೂಲಿ ಕೊಡದೆ ತಪ್ಪಿಸಿಕೊಳ್ಳುತ್ತಿದ್ದವನ ಮೇಲೆ ಅವಳು ಟ್ರಕ್ಕಿನ ಬಾಗಿಲನ್ನು ತಟ್ಟೆ ಎಸೆದಂತೆ ಎಸೆದಿದ್ದಳು. ಆತ ಈಗಲೂ ಎಡಕ್ಕೆ ವಾಲಿಕೊಂಡೇ ನಡೆಯುತ್ತಾನೆ, ಕೂಲಿ ಮಾತ್ರ ಬಲಗೈಯಿಂದ ಸರಿಯಾಗಿ ಕೊಡುತ್ತಾನೆ. ಅವಳಿಗೆ ಗಂಡನೂ ಇದ್ದ ಎನ್ನುತ್ತಾರೆ. ಅವಳು ಸಿಟ್ಟಿನಲ್ಲಿ ಪಾತ್ರೆ ಕೆಳಗಿಟ್ಟ ಸದ್ದಿಗೆ ಮನೆ ಬಿಟ್ಟವನು, ಆ ಸದ್ದು ಕೇಳಿಸದ ಜಾಗ ಹುಡುಕುತ್ತಾ ಇನ್ನೂ ನಡೆಯುತ್ತಲೇ ಇದ್ದಾನೆ. ಉಳಿದವನು ತಮ್ಮನೊಬ್ಬ. ಅವನನ್ನು ಸಾಕಿದ್ದೂ ಅವಳೇ, ಕೆಲಸ ಕಲಿಸಿದ್ದೂ ಅವಳೇ, ಕಲಿಸುವಾಗ ಕಿವಿ ಹಿಂಡಿ ಒಂದು ಕಿವಿಯನ್ನು ಇನ್ನೊಂದಕ್ಕಿಂತ ಉದ್ದ ಮಾಡಿದ್ದೂ ಅವಳೇ.

ಗುಜರಿ ಬೀದಿಯಲ್ಲಿ ಹತ್ತೂ ಬೆರಳಿರುವವನು ಕಂಡರೆ ಹೊಸಬ ಎಂದು ತಿಳಿಯುತ್ತಿದ್ದರು. ಹರಿದ ತಗಡು, ಜಾರಿದ ಚೈನು, ಸಿಡಿದ ಟೈರು, ಎಲ್ಲವೂ ಮನುಷ್ಯನಿಂದ ಒಂದೊಂದು ತುಂಡು ಕೇಳುತ್ತಿದ್ದವು. ಅದಕ್ಕೇ ಬೀದಿಯವರೆಲ್ಲ ಸೇರಿ 'ಗಾಯದ ಹಣ' ಎಂದು ಕೂಡಿಸಿಟ್ಟಿದ್ದರು. ಕೆಲಸದಲ್ಲಿ ಯಾರಿಗೆ ಪೆಟ್ಟಾದರೂ ಅದರಿಂದ ಆಸ್ಪತ್ರೆ ಖರ್ಚು. ನೋಟಿನಲ್ಲಿ ಇಡುವ ಹಾಗಿರಲಿಲ್ಲ. ಆ ಕಾಲದಲ್ಲಿ ನೋಟು ಎಷ್ಟು ಬೇಗ ಸೊರಗುತ್ತಿತ್ತೆಂದರೆ, ಅಂಗಡಿಗೆ ಹೋಗುವಾಗ ಸೋಪು ಕೊಳ್ಳುವಷ್ಟಿದ್ದದ್ದು ಅಂಗಡಿ ತಲುಪುವಾಗ ಬರೀ ಸೋಪಿನ ವಾಸನೆ ಕೊಳ್ಳುವಷ್ಟಾಗಿರುತ್ತಿತ್ತು. ಆದ್ದರಿಂದ ಫೋನಿನಲ್ಲಿರುವ ಡಾಲರ್ ನಾಣ್ಯಕ್ಕೆ ಬದಲಾಯಿಸಿದರು. ಒಂದು ನಾಣ್ಯ ಕೊಟ್ಟರೆ ಒಂದು ಡಾಲರ್ ಕೊಡುತ್ತೇವೆ ಎಂದು ದೂರದ ಒಂದು ಕಂಪನಿ ಮಾತು ಕೊಟ್ಟಿತ್ತು. ಮಾತಿಗೆ ತಪ್ಪಲೂ ಇಲ್ಲ. ಆದರೆ ಆ ಕಂಪನಿಯ ಬಳಿ ಒಂದು ಗುಂಡಿಯೂ ಇತ್ತು. ಒತ್ತಿದರೆ ಯಾರ ನಾಣ್ಯ ಬೇಕಾದರೂ ನಿಂತಲ್ಲೇ ಕಲ್ಲಾಗುತ್ತಿತ್ತು.

ಆ ಗುಂಡಿಯ ವಿಷಯ ಮೊದಲು ತಿಳಿದುಕೊಂಡವನು ತಕ್ಕಡಿ.

ಬೀದಿಯ ಬಾಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಅವನದು. ಗುಜರಿಯೆಲ್ಲ ಅವನಲ್ಲೇ ತೂಗಬೇಕು, ಬೇರೆ ದಾರಿಯಿಲ್ಲ. ಅವನ ವೇಬ್ರಿಡ್ಜ್ ಎಂಥ ನಾಚಿಕೆಯದ್ದೆಂದರೆ ಆನೆ ಹತ್ತಿ ನಿಂತರೂ ಕರುವಿನ ತೂಕ ಹೇಳುತ್ತಿತ್ತು. ಒಂದು ದಿನ ಬೀದಿಯವರು ತೂಗುವುದನ್ನೇ ನಿಲ್ಲಿಸಿದರು. ಸುತ್ತಿಗೆಯಕ್ಕ ಒಂದು ಹೆಜ್ಜೆ ಮುಂದೆ ಹೋಗಿ ತೂಕ ತೋರಿಸುವ ಡಬ್ಬಿಯನ್ನೇ ಪುಡಿ ಮಾಡಿದಳು. ತಕ್ಕಡಿ ಅವಳನ್ನು ಆಗ ಮುಟ್ಟಲಿಲ್ಲ. ಪೊಲೀಸಿನಲ್ಲಿದ್ದ ಗೆಳೆಯನ ಕೈಯಲ್ಲಿ ಕಂಪನಿಗೊಂದು ಪತ್ರ ಬರೆಸಿದ, ಗುಜರಿ ಬೀದಿಯದು ಕಳ್ಳಮಾಲಿನ ಹಣ ಎಂದು. ಕಂಪನಿ ಗುಂಡಿ ಒತ್ತಿತು.

ಅದೇ ವಾರ ತಗಡು ಕತ್ತರಿಸುವ ಯಂತ್ರ ತಮ್ಮನ ಬಲಗೈಯನ್ನು ಮೊಣಕೈವರೆಗೆ ಒಳಗೆಳೆದುಕೊಂಡಿತು. ಸುತ್ತಿಗೆಯಕ್ಕ ಯಂತ್ರದ ದವಡೆಯನ್ನು ಬರಿಗೈಯಲ್ಲಿ ಬಿರಿದು ಅವನನ್ನು ಈಚೆಗೆ ತಂದಳು. ಜೋತಾಡುತ್ತಿದ್ದ ಕೈಯನ್ನು ತನ್ನ ಅಂಗಿಯಲ್ಲಿ ಸುತ್ತಿ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದಳು. ದಾರಿಯುದ್ದಕ್ಕೂ ರಕ್ತ. ಆಸ್ಪತ್ರೆಯವರು, ಈಗಲೇ ಹಣ ಕಟ್ಟಿದರೆ ಕೈ ಕೂಡಿಸಲು ನೋಡಬಹುದು ಎಂದರು. ಫೋನು ತೆರೆದರೆ ಹಣ ಕಾಣುತ್ತಿತ್ತು, ಗಾಜಿನ ಹಿಂದಿನ ಬ್ರೆಡ್ಡಿನ ಹಾಗೆ. ಕಂಪನಿಗೆ ಬರೆದರೆ 'ನಿಮ್ಮ ದೂರು ನಮಗೆ ಬಹಳ ಮುಖ್ಯ' ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಆಮೇಲೆ ತಿಂಗಳುಗಟ್ಟಲೆ ಏನೂ ಬರಲಿಲ್ಲ. ಕೈ ಬಕೆಟ್ಟಿಗೆ ಹೋಯಿತು.

ಹಣ ಕೊನೆಗೊಮ್ಮೆ ಬಿಡುಗಡೆಯಾದಾಗ ಸುತ್ತಿಗೆಯಕ್ಕ ವೆಲ್ಡರಣ್ಣನ ಕಾಲರ್ ಹಿಡಿದು ಎತ್ತಿದಳು. ಫೋನಿನ ವಿಷಯ ಬೀದಿಯಲ್ಲಿ ಅವನೇ ನೋಡಿಕೊಳ್ಳುತ್ತಿದ್ದದ್ದು. ವೆಲ್ಡಿಂಗಿನ ಕಿಡಿಗಿಂತ ಅವನ ಬಾಯಿಂದ ಮಾತು ಹೆಚ್ಚು ಸಿಡಿಯುತ್ತಿತ್ತು.

"ಗುಂಡಿ ಇಲ್ಲದ ನಾಣ್ಯ ಬೇಕು ನಂಗೆ."

"ಇದೆ ಅಕ್ಕಾ, ಇದೆ, ಕೆಳಗಿಳಿಸು," ಎಂದ ವೆಲ್ಡರಣ್ಣ ಗಾಳಿಯಲ್ಲಿ ಕಾಲಾಡಿಸುತ್ತಾ. "ಅದೂ ಡಾಲರ್ ಬೆಲೆಗೇ ನಿಲ್ಲೋದು. ಆದ್ರೆ ಕಂಪನಿ ಇಲ್ಲ, ಯಜಮಾನ ಇಲ್ಲ. ಯಜಮಾನ ಇದ್ರೆ ತಾನೆ ಗುಂಡಿ?"

"ಮತ್ತೆ ಬೆಲೆ ಹಿಡಿದು ನಿಲ್ಸೋದು ಯಾರು, ನಿಮ್ಮಪ್ಪನಾ?"

"ಒತ್ತೆ. ಈ ನಾಣ್ಯ ಹೊಸದಾಗಿ ಹುಟ್ಟಿಸ್ಬೇಕು ಅನ್ನೋರು ನೂರಕ್ಕೆ ನೂರೈವತ್ತರಷ್ಟು ಬೇರೆ ನಾಣ್ಯ ಒತ್ತೆ ಇಡ್ಬೇಕು. ಒತ್ತೆ ಬೆಲೆ ಕುಸೀತು ಅಂದ್ರೆ, ಕಂಪ್ಯೂಟರಲ್ಲಿ ಮೊದಲೇ ಬರೆದಿಟ್ಟ ಲೆಕ್ಕ ಅದನ್ನ ತಾನೇ ಹರಾಜಿಗೆ ಹಾಕುತ್ತೆ. ಯಾರ ಪತ್ರಾನೂ ಓದಲ್ಲ, ಯಾರ ಮುಖಾನೂ ನೋಡಲ್ಲ. ಒತ್ತೆ ರಾಶಿ ಎಷ್ಟಿದೆ ಅಂತ ನೀನೂ ನೋಡ್ಬಹುದು, ಆ ತಕ್ಕಡೀನೂ ನೋಡ್ಬಹುದು. ಮುಟ್ಟಕ್ಕಾಗಲ್ಲ ಅಷ್ಟೆ."

"ಏನಾದ್ರೂ ಎಡವಟ್ಟಾದ್ರೆ ಯಾರ ಕುತ್ತಿಗೆ ಹಿಡೀಬೇಕು?"

"ಹಿಡಿಯಕ್ಕೆ ಕುತ್ತಿಗೇನೇ ಇಲ್ಲ. ಒಳ್ಳೇದೂ ಅದೇ, ಕೆಟ್ಟದ್ದೂ ಅದೇ."

ಸದ್ಯಕ್ಕೆ ಕೈಯಲ್ಲಿ ಅವನ ಕುತ್ತಿಗೆ ಇದ್ದುದರಿಂದ ಸುತ್ತಿಗೆಯಕ್ಕ ಒಪ್ಪಿದಳು. ಹಣವೆಲ್ಲ ಯಜಮಾನನಿಲ್ಲದ ನಾಣ್ಯವಾಯಿತು. ಒಂದು ಮಧ್ಯಾಹ್ನ ಅದು ಡಾಲರಿಗಿಂತ ನಾಲ್ಕು ಕಾಸು ಕೆಳಕ್ಕೆ ಜಾರಿದಾಗ ಅವಳು ವೆಲ್ಡರಣ್ಣನನ್ನು ಎಣ್ಣೆ ಡ್ರಮ್ಮಿಗೆ ತುಂಬಿ ಇಳಿಜಾರಿನ ತುದಿಗೆ ತಂದು ನಿಲ್ಲಿಸಿದ್ದಳು. ಸಂಜೆ ಬೆಲೆ ಮೇಲೆದ್ದಿತು, ವೆಲ್ಡರಣ್ಣನೂ ಡ್ರಮ್ಮಿನಿಂದ ಎದ್ದ.

ಫೋನಿನಲ್ಲಿ ಹಣ ಇಟ್ಟ ಪೆಟ್ಟಿಗೆಗೆ ಮೂರು ಬೀಗದ ಕೈ ಮಾಡಿದರು. ಒಂದು ಸುತ್ತಿಗೆಯಕ್ಕನಿಗೆ, ಒಂದು ವೆಲ್ಡರಣ್ಣನಿಗೆ, ಒಂದು ಕ್ರೇನಜ್ಜನಿಗೆ. ಯಾರಾದರೂ ಇಬ್ಬರು ಸೇರಿದರೆ ಮಾತ್ರ ಹಣ ಅಲುಗಾಡುತ್ತದೆ. ಬೀಗದ ಕೈ ಅಂದರೆ ಹನ್ನೆರಡು ಪದ, ಬೇರೇನಿಲ್ಲ. ಕಾಗದದಲ್ಲಿ ಬರೆದರೆ ಸುಡುತ್ತದೆ, ಕೊಳೆಯುತ್ತದೆ, ಅದಕ್ಕೆ ಉಕ್ಕಿನ ತಗಡಿನ ಮೇಲೆ ಒಂದೊಂದೇ ಅಕ್ಷರ ಕುಟ್ಟಿ ಇಡಬೇಕು ಎಂದು ವೆಲ್ಡರಣ್ಣ ಎಲ್ಲೋ ಓದಿದ್ದ. ಲೋಕದಲ್ಲಿ ಬೇರೆಲ್ಲೇ ಆಗಿದ್ದರೂ ಇದು ಬುದ್ಧಿವಂತಿಕೆ. ಆದರೆ ಕಬ್ಬಿಣ ಕಂಡರೆ ಸಾಕು, ತೂಗಿ, ಅಮುಕಿ, ಮಾರಿಬಿಡುವ ಬೀದಿಯಲ್ಲಿ ಕುಳಿತು ಗುಟ್ಟನ್ನು ಉಕ್ಕಿನ ಮೇಲೆ ಬರೆದಿಟ್ಟರು.

ಈಗ ತಮ್ಮನ ಮೋಟುಗೈಯಲ್ಲಿ ನಂಜಾಗಿತ್ತು. ಅದು ಹೆಗಲಿನ ಕಡೆ ಹತ್ತುತ್ತಿತ್ತು. ಭಾನುವಾರ ಸಂಜೆಯೊಳಗೆ ಹಣ ಬಂದರೆ ಸೋಮವಾರ ಬೆಳಗ್ಗೆ ಕೊಯ್ದು ತೆಗೆಯುತ್ತೇವೆ, ತಡವಾದರೆ ಎದೆಗಿಳಿಯುತ್ತದೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟರು. ನೋಟನ್ನು ಅವರೂ ಮುಟ್ಟುತ್ತಿರಲಿಲ್ಲ, ನಾಣ್ಯವೇ ಬೇಕು. ಭಾನುವಾರ ಮಧ್ಯಾಹ್ನ ಗುಜರಿ ಅಂಗಳದಲ್ಲಿ ಮೂವರೂ ಸೇರಿ ಹಣ ಕಳಿಸುವುದೆಂದು ಮಾತಾಗಿತ್ತು. ಉಳಿದಿಬ್ಬರ ವಿಷಯ ಬಿಟ್ಟು ಇಷ್ಟನ್ನೂ, ತನ್ನ ಹನ್ನೆರಡು ಪದಗಳ ಮಾತನ್ನೂ ಸುತ್ತಿಗೆಯಕ್ಕ ಶನಿವಾರ ಚಹಾದಂಗಡಿಯಲ್ಲಿ, ತನ್ನ ಮಾಮೂಲಿ ಗಂಟಲಿನಲ್ಲಿ ಹೇಳಿದಳು. ಬಾಯಿ ಬಿಡಿಸುವ ಗಂಡಸಿನ ಮಾತೂ ಆಗಲೇ ಬಂದದ್ದು. ಬಿಡಿಸಬೇಕಾದ ಅಗತ್ಯವೇ ಇಲ್ಲದಷ್ಟು ಅದು ತೆರೆದುಕೊಂಡಿತ್ತು. ಹಿಂದಿನ ಬೆಂಚಿನಲ್ಲಿ ತಕ್ಕಡಿಯ ಆಳು ಮೂಗು ಸೊರಸೊರ ಎಳೆಯುತ್ತಾ ಕೂತಿದ್ದನ್ನು ಅವಳು ನೋಡಲಿಲ್ಲ.

ಭಾನುವಾರ ಮಧ್ಯಾಹ್ನ, ಅವಳು ಅಂಗಳದ ಕೆಲಸದ ಮೇಜಿನ ಬಳಿ ವೆಲ್ಡರಣ್ಣನಿಗಾಗಿ ಕಾಯುತ್ತಿದ್ದಾಗ ಗೇಟು ಒದ್ದು ಬಂದವರು ಮೂವರು. ತಕ್ಕಡಿ, ಕೊರಳಲ್ಲಿ ಬೆರಳು ದಪ್ಪದ ಚಿನ್ನದ ಸರ, ಕೈಯಲ್ಲಿ ಮಚ್ಚು. ಎಡಕ್ಕೆ ಗೋಣಿ ಎಂಬುವನು, ಹೆಸರಿನಷ್ಟೇ ತುಂಬಿಕೊಂಡಿದ್ದ, ಕೈಯಲ್ಲಿ ಹಾರೆ. ಬಲಕ್ಕೆ ನೆಗಡಿ. ಹುಟ್ಟಿದಾಗಿನಿಂದ ಮೂಗು ಸೋರುತ್ತಿದ್ದ ಅವನು ಸೈಕಲ್ ಚೈನು ಸುತ್ತಿಕೊಂಡು ಜನರನ್ನು ಹೊಡೆಯುವಾಗ, ಹೊಡೆತಕ್ಕೊಂದರಂತೆ ಸೀನುತ್ತಿದ್ದ.

"ಹನ್ನೆರಡು ಪದ ಹೇಳಕ್ಕಾ, ಹೋಗ್ತೀವಿ," ಎಂದ ತಕ್ಕಡಿ, ಬಾಡಿಗೆ ಕೇಳಲು ಬಂದವನ ಹಾಗೆ.

ಸುತ್ತಿಗೆಯಕ್ಕನ ಉತ್ತರ ಗೋಣಿಯ ಮೊಣಕಾಲ ಮೇಲೆ ಬಿತ್ತು. ಒಣ ಸೌದೆ ಮುರಿದಂಥ ಸದ್ದು. ಅವನು ಕುಸಿದ ಜಾಗದಲ್ಲಿ ನೆಲ ಗುಂಡಿ ಬಿತ್ತು. ಅವಳು ಸುತ್ತಿಗೆ ಮತ್ತೆ ಎತ್ತುವಷ್ಟರಲ್ಲಿ ನೆಗಡಿಯ ಚೈನು ಅವಳ ಮುಖಕ್ಕೆ ಸುತ್ತಿಕೊಂಡು ಕೆನ್ನೆಯ ಚರ್ಮ ಕಿತ್ತುಕೊಂಡು ಹೋಯಿತು. "ಹಾಕ್ಷೀ!" ತಕ್ಕಡಿ ಮಚ್ಚಿನ ಹಿಂಬದಿಯಿಂದ ಅವಳ ತಲೆಗೆ ಬಿಟ್ಟ. ಅವಳು ಬೀಳಲಿಲ್ಲ, ಇನ್ನೊಂದು ಬಿಟ್ಟ. ಮೂರನೆಯದಕ್ಕೆ ಬಿದ್ದಳು. ಬಿದ್ದ ಮೇಲೆ ಗೋಣಿ ಕುಂಟುತ್ತಾ ಬಂದು ಪಕ್ಕೆಗೆ ಒಳ್ಳೆಯ ಕಾಲಿನಲ್ಲಿ ಒದ್ದ, ಆ ಕಾಲಿಗೂ ನೋವಾಯಿತು.

"ಹೇಳು."

ಅವಳು ಒಂದು ಹಲ್ಲನ್ನು ತಕ್ಕಡಿಯ ಷೂ ಮೇಲೆ ಉಗುಳಿ ನಕ್ಕಳು. "ಇಷ್ಟೇನಾ? ನಮ್ಮಮ್ಮ ತಲೆ ಬಾಚೋವಾಗ ಇದಕ್ಕಿಂತ ಜೋರಾಗಿ ಹೊಡೀತಿದ್ಳು."

ಅವರು ಅವಳನ್ನು ಎಳೆದುಕೊಂಡು ಹೋಗಿ ಎಡಗೈಯ ಕಿರುಬೆರಳನ್ನು ಮೇಜಿನ ವೈಸಿಗೆ ಕೊಟ್ಟರು. ಕಬ್ಬಿಣ ಹಿಡಿದು ನಿಲ್ಲಿಸುವ ಆ ದವಡೆಯನ್ನು ತಕ್ಕಡಿ ಅರ್ಧ ಸುತ್ತು ತಿರುಗಿಸಿದ. ಅವಳು ಬೈದಳು. ಇನ್ನರ್ಧ ಸುತ್ತು. ಅವನ ತಾತನವರೆಗೂ ಬೈದಳು. ಮತ್ತೊಂದು ಸುತ್ತು ತಿರುಗಿಸಿದಾಗ ಬೆರಳೊಳಗೆ ಏನೋ ಪಟ್ಟೆಂದಿತು.

ಗುಜರಿ ಬೀದಿಯ ಚರಿತ್ರೆಯಲ್ಲೇ ಯಾರೂ ಅಷ್ಟು ಬೇಗ ಬಾಯಿ ಬಿಟ್ಟಿರಲಿಲ್ಲ. ಸುತ್ತಿಗೆಯಕ್ಕ ಹನ್ನೆರಡೂ ಪದಗಳನ್ನು ಒಂದೇ ಉಸಿರಿನಲ್ಲಿ ಸುರಿದಳು. ತಕ್ಕಡಿಯೇ "ನಿಧಾನ, ನಿಧಾನ, ಬರ್ಕೋಬೇಕು" ಎಂದ. ಅವಳು ಮತ್ತೊಮ್ಮೆ, ಬಿಡಿಸಿ ಬಿಡಿಸಿ ಹೇಳಿದಳು. ಕೇಳದಿದ್ದರೂ ತಗಡು ಕಬ್ಬಿಣ ಬಡಿಯುವ ಅಡಿಗಲ್ಲಿನ ಕೆಳಗಿದೆ, ಬೇಕಾದರೆ ಹೊಂದಿಸಿ ನೋಡು ಎಂದಳು. ಮೈಮೇಲಿನ ಬೆವರು, ರಕ್ತ ಎಲ್ಲ ತಣ್ಣಗಾಗಿ, ಬದುಕಿನಲ್ಲಿ ಮೊದಲ ಸಲ ಅವಳ ದನಿ ಪಕ್ಕದ ಬೀದಿಗೆ ಕೇಳಿಸದಷ್ಟು ಸಣ್ಣದಾಗಿತ್ತು.

ತಕ್ಕಡಿ ಪದಗಳನ್ನು ಫೋನಿಗೆ ಹಾಕಿದ. ಪೆಟ್ಟಿಗೆ ಕಾಣಿಸಿತು, ಹಣವೂ ಕಾಣಿಸಿತು. ಎಲ್ಲವನ್ನೂ ತನ್ನ ಕಡೆ ಕಳಿಸಲು ಒತ್ತಿದರೆ 'ಇನ್ನೊಂದು ಸಹಿ ಬೇಕು' ಎಂದಿತು. ಮತ್ತೆ ಒತ್ತಿದ. ಜೋರಾಗಿ ಒತ್ತಿದ. ಫೋನಿಗೆ ಮಚ್ಚು ತೋರಿಸಿದ.

ಕೊನೆಗೆ ಪೊಲೀಸ್ ಗೆಳೆಯನಿಗೆ ಫೋನ್ ಮಾಡಿದ. "ಆವತ್ತಿನ ಹಾಗೇ ಒಂದು ಪತ್ರ ಹಾಕಪ್ಪ... ಯಾವ ಕಂಪನಿ ಅಂದ್ರೆ? ಕಂಪನಿ ಇಲ್ವಂತೆ. ಮೇನೇಜರ್ರಾ? ಅವನೂ ಇಲ್ಲ. ಆಫೀಸು... ಅಯ್ಯೋ ಏನೂ ಇಲ್ಲ ಕಣಯ್ಯಾ! ಏನೂ ಇಲ್ಲದೇ ಹೆಂಗೆ ಇದೆ ಅಂದ್ರೆ ನಾನೇನು ಹೇಳ್ಲಿ? ಇದೆ! ಕಣ್ಣ ಮುಂದೇನೇ ಇದೆ!" ಆ ಕಡೆಯವನು ಇಟ್ಟುಬಿಟ್ಟ. ಜೀವಮಾನವಿಡೀ ಯಾವುದೇ ವಿಷಯದ ಮೇಲಿರುವ ಒಬ್ಬನನ್ನು ಹುಡುಕಿ ಅವನ ಕುತ್ತಿಗೆಗೆ ಕೈ ಹಾಕುತ್ತಾ ಬಂದವನು, ಮೇಲೆ ಯಾರೂ ಇಲ್ಲದ ವಸ್ತುವನ್ನು ಕೈಯಲ್ಲಿ ಹಿಡಿದು ಬೆಪ್ಪಾಗಿ ನಿಂತ.

"ಇನ್ನೊಂದು ಸಹಿ ಯಾರ್ದೇ?" ವೈಸಿನ ಹಿಡಿಗೆ ಕೈ ಹೋಯಿತು.

"ವೆಲ್ಡರಂದು!" ಎಂದಳು ಸುತ್ತಿಗೆಯಕ್ಕ, ಹಿಡಿ ತಿರುಗುವ ಮೊದಲೇ.

ವೆಲ್ಡರಣ್ಣ ಅಷ್ಟರಲ್ಲಿ ತಾನಾಗಿಯೇ ಗೇಟಿನೊಳಗೆ ಕಾಲಿಟ್ಟಿದ್ದ. ಗೋಣಿ ಅವನನ್ನು ಕೊರಳುಪಟ್ಟಿ ಹಿಡಿದು ತಂದು, ಅವನದೇ ಗ್ಯಾಸ್ ಪೈಪಿನಿಂದ ಬೆನ್ನ ಮೇಲೆ ಬರೆ ಎಳೆದ. ಕನ್ನಡಕ ಒಂದು ಕಡೆ, ಮೂಗಿನ ರಕ್ತ ಒಂದು ಕಡೆ.

"ಹೇಳ್ತೀನಿ, ಹೇಳ್ತೀನಿ! ತಗಡು ಹಳೇ ಆಂಬುಲೆನ್ಸಿನ ಗೇರ್‌ಬಾಕ್ಸಲ್ಲಿ ಬಚ್ಚಿಟ್ಟಿದ್ದೆ."

"ಆಂಬುಲೆನ್ಸ್ ಎಲ್ಲಿ?"

ವೆಲ್ಡರಣ್ಣ ಅಂಗಳದ ಆ ತುದಿಗೆ ಬೆರಳು ತೋರಿಸಿದ. ಅಮುಕಿ ಇಟ್ಟಿಗೆ ಮಾಡಿದ ಕಾರುಗಳು ಕೋಟೆಯ ಗೋಡೆಯಂತೆ ಸಾಲಾಗಿ ಪೇರಿಸಿದ್ದವು. "ಅದರಲ್ಲಿ ಯಾವ್ದೋ ಒಂದು. ಶುಕ್ರವಾರ ಪ್ರೆಸ್ಸಿಗೆ ಹೋಯ್ತು. ನಾನು ಊಟಕ್ಕೆ ಹೋಗಿದ್ದೆ."

"ಪದ ನೆನಪಿಲ್ವಾ?"

"ನೆನಪಿದ್ರೆ ಉಕ್ಕಿನ ಮೇಲೆ ಯಾಕಣ್ಣಾ ಕುಟ್ತಿದ್ದೆ?"

ವೈಸಿನಲ್ಲಿ ಬೆರಳಿದ್ದರೂ ಸುತ್ತಿಗೆಯಕ್ಕನಿಗೆ ನೋವು ಮರೆತುಹೋಯಿತು. "ನಾಯೀ! ಶುಕ್ರವಾರದಿಂದ ಬಾಯಿ ಮುಚ್ಕೊಂಡಿದ್ಯಾ?"

"ಹೇಳಿದ್ರೆ ನೀನು ಹೊಡೀತೀಯ ಅಂತ ಹೇಳ್ಲಿಲ್ಲ ಅಕ್ಕಾ," ಎಂದು ವೆಲ್ಡರಣ್ಣ ಅತ್ತ. ಆಗ ಅವನ ಬೆನ್ನಿಗೆ ಇನ್ನೊಂದು ಬಿತ್ತು.

ಕಂಪನಿಯಿದ್ದಿದ್ದರೆ ಹೊಸ ಬೀಗದ ಕೈ ಕೇಳಬಹುದಿತ್ತು. ಇಲ್ಲಿ ಕೇಳಲು ಯಾರೂ ಇಲ್ಲ. ಉಳಿದದ್ದು ಅವಳದೊಂದು, ಕ್ರೇನಜ್ಜನದೊಂದು. ಅಜ್ಜ ಇವರ ಕೈಗೆ ಸಿಕ್ಕರೆ ಹಣ ತಕ್ಕಡಿಗೆ ಹೋಗುತ್ತದೆ, ಅಜ್ಜನಿಗೆ ಏನಾದರೂ ಆದರೆ ಹಣ ಯಾರಿಗೂ ಇಲ್ಲದೆ ಪ್ರಳಯದವರೆಗೂ ಅಲ್ಲೇ ಕೂತಿರುತ್ತದೆ. ಎರಡರಲ್ಲಿ ಯಾವುದು ಆದರೂ ತಮ್ಮ ಸಾಯುತ್ತಾನೆ. ಅವಳು ಈ ಸಲ ನಿಜವಾಗಿಯೂ ಹಲ್ಲು ಕಚ್ಚಿದಳು. ಆದರೆ ವೆಲ್ಡರಣ್ಣನ ಕಣ್ಣು ತಡೆಯಲಾರದೆ ಮೇಲಕ್ಕೆ ಹೋಯಿತು, ತಕ್ಕಡಿಯ ಕಣ್ಣು ಅದರ ಹಿಂದೆಯೇ ಹೋಯಿತು.

ಮೇಲೆ, ಕಬ್ಬಿಣದ ಏಣಿಯ ತುದಿಯ ಕ್ಯಾಬಿನ್ನಿನಲ್ಲಿ ಕ್ರೇನಜ್ಜ ಚಹಾ ಕುಡಿಯುತ್ತಾ ಕೂತಿದ್ದ. ಭಾನುವಾರವೂ ಅಲ್ಲೇ ಇರುತ್ತಿದ್ದ, ಹೆಂಡತಿಯ ಬೈಗುಳ ಅಷ್ಟು ಎತ್ತರ ಹತ್ತುವುದಿಲ್ಲವೆಂದು. ಹತ್ತಿದರೂ ಕಿವಿಯೊಳಗೆ ಇಳಿಯುತ್ತಿರಲಿಲ್ಲ. ಕಾರುಗಳನ್ನು ಎತ್ತುವ ಬಾವಿಯಗಲದ ಮ್ಯಾಗ್ನೆಟ್ಟು ಅವನ ಕ್ರೇನಿನ ತುದಿಯಲ್ಲಿ ನೇತಾಡುತ್ತಿತ್ತು.

"ಏಯ್ ಮುದುಕಾ, ಕೆಳಗಿಳಿ! ಇಲ್ಲಾಂದ್ರೆ ಇವಳ ಕುತ್ತಿಗೆ ಕಡೀತೀನಿ!"

"ಏನು?" ಎಂದ ಅಜ್ಜ.

"ಕುತ್ತಿಗೆ! ಇವಳದ್ದು! ಕಡೀತೀನಿ!"

"ಇವತ್ತು ಭಾನುವಾರ. ನಾಳೆ ಬಾ."

ತಕ್ಕಡಿ ನೆಗಡಿಯನ್ನು ಏಣಿ ಹತ್ತಿಸಿದ. ಅಲ್ಲೇ ಅವನು ತಪ್ಪಿದ್ದು. ಸುತ್ತಿಗೆಯಕ್ಕನ ಬಲಗೈಯನ್ನು ಬೆನ್ನಿಗೆ ತಿರುಚಿ ಹಿಡಿದಿದ್ದವನು ನೆಗಡಿಯೇ. ಬಿಟ್ಟ ಕೈ ನೇರ ವೈಸಿನ ಹಿಡಿಗೆ ಹೋಯಿತು. ಒಂದೇ ಎಳೆತಕ್ಕೆ ದವಡೆ ಸಡಿಲವಾಯಿತು. ಕಿರುಬೆರಳು ಹಣ್ಣಾದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ, ಬೇರೆ ಯಾರದೋ ಬೆರಳಿನಂತೆ ಅಡ್ಡಡ್ಡ ನಿಂತಿತ್ತು. ಅವಳು ಅದನ್ನು ನೋಡಲಿಲ್ಲ. ನೆಲದಿಂದ ಸುತ್ತಿಗೆ ಎತ್ತಿಕೊಂಡಳು. ತಕ್ಕಡಿ ಮಚ್ಚು ಬೀಸಿದ. ಅದು ಅವಳ ತೋಳಿನಲ್ಲಿ ಇಳಿಯಿತು. ಅವಳ ಸುತ್ತಿಗೆ ಅವನ ತಲೆಯನ್ನು ಕೂದಲೆಳೆಯಲ್ಲಿ ತಪ್ಪಿಸಿ ಹೆಗಲಿನ ಮೂಳೆ ಮುರಿಯಿತು. ಇಬ್ಬರೂ ಮತ್ತೆ ಎತ್ತಿದರು.

ಆಗ ಮೇಲೆ ಎಂಜಿನ್ ಗುರುಗುಟ್ಟಿತು. ಅಜ್ಜನಿಗೆ ಕಿವಿ ಮಂದ, ಕಣ್ಣಲ್ಲ. ಮ್ಯಾಗ್ನೆಟ್ಟು ತೇಲಿ ಬಂದು ಅವರ ನೆತ್ತಿಯ ಮೇಲೆ ನಿಂತಿತು. ಅಜ್ಜ ಸನ್ನೆಕೋಲು ಎಳೆದ.

ಮೊದಲು ಹೋದದ್ದು ತಕ್ಕಡಿಯ ಮಚ್ಚು. ಕೈಯಿಂದ ಜಿಗಿದು ಹಕ್ಕಿಯಂತೆ ಹಾರಿತು. ಅದರ ಹಿಂದೆ ಗೋಣಿಯ ಹಾರೆ. ಅದನ್ನು ಬಿಡದೆ ಹಿಡಿದುಕೊಂಡ ಗೋಣಿ ಆಳೆತ್ತರ ಮೇಲೆ ಹೋಗಿ, ಅಲ್ಲಿಂದ ತನ್ನ ಮುರಿದ ಮೊಣಕಾಲಿನ ಮೇಲೆಯೇ ಬಿದ್ದು ಚೀರಿದ. ನೆಗಡಿಯ ಚೈನು ಹಾರಿತು. ಅವನ ಬೆಲ್ಟಿನ ಬಕಲು ಬೆಲ್ಟನ್ನೂ ಪ್ಯಾಂಟನ್ನೂ ಎಳೆದುಕೊಂಡು ಹೊರಟಿತು, ಅವನು ಏಣಿಯ ನಡುವೆ ಎರಡೂ ಕೈಯಿಂದ ಮಾನ ಹಿಡಿದುಕೊಳ್ಳಲು ಹೋಗಿ ಏಣಿ ಬಿಟ್ಟ. ಬಿದ್ದ ಸದ್ದಿನ ಜೊತೆಗೇ ಕೊನೆಯ ಸೀನೂ ಕೇಳಿತು. ಬೋಲ್ಟು, ಸ್ಪ್ಯಾನರು, ಸೈಲೆನ್ಸರು ಎಲ್ಲವೂ ಮಳೆ ತಲೆಕೆಳಗಾದಂತೆ ಆಕಾಶಕ್ಕೆ ಸುರಿದವು. ಸುತ್ತಿಗೆಯಕ್ಕನ ಸುತ್ತಿಗೆಯೂ ಹೋಯಿತು. ಪಾಪ, ಅದೂ ಕಬ್ಬಿಣವೇ ತಾನೆ.

ಮತ್ತು ತಕ್ಕಡಿಯ ಕೊರಳಿನ ಚಿನ್ನದ ಸರ ಮೇಲೆದ್ದಿತು. ಚಿನ್ನ ಮ್ಯಾಗ್ನೆಟ್ಟಿಗೆ ಏಳುವುದಿಲ್ಲವೆಂದು ಗುಜರಿ ಬೀದಿಯ ಕೈಕೂಸಿಗೂ ಗೊತ್ತು. ಸರ ಅವನ ಕೊರಳನ್ನು ಬಿಗಿದು ತುದಿಗಾಲಿನಲ್ಲಿ ನಿಲ್ಲಿಸಿತು, ಕಣ್ಣು ಈಚೆ ಬಂತು, ನಾಲಿಗೆ ಈಚೆ ಬಂತು, ಕೊನೆಗೆ ಕೊಂಡಿ ಹರಿದು ಟಣ್ಣೆಂದು ಮ್ಯಾಗ್ನೆಟ್ಟಿಗೆ ಅಂಟಿತು. ರಕ್ತದ ಮಡುವಿನಲ್ಲಿ ಬಿದ್ದಿದ್ದ ವೆಲ್ಡರಣ್ಣ ತಲೆ ಎತ್ತಿ, "ನಂಗೆ ಮೊದಲೇ ಅನುಮಾನ ಇತ್ತು," ಎಂದ.

ಉಳಿದದ್ದು ಬರಿಗೈ. ತಕ್ಕಡಿಯ ಒಂದು ತೋಳು ಜೋತಿತ್ತು, ಸುತ್ತಿಗೆಯಕ್ಕನದು ಎರಡೂ ರಕ್ತ. ಅವನು ಅವಳ ಮುರಿದ ಬೆರಳನ್ನು ಹಿಡಿದು ತಿರುಚಿದ. ಅವಳು ಕೂಗಿದ ಕೂಗಿಗೆ ಪೇರಿಸಿದ ಕಾರುಗಳಲ್ಲಿ ಎರಡು ಸಾಲು ಉರುಳಿದವು ಎನ್ನುತ್ತಾರೆ. ಕೂಗಿ ಮುಗಿದ ಮೇಲೆ ಅದೇ ಬಾಯನ್ನು ಅವನ ಕಿವಿಗೆ ಹಾಕಿದಳು. ಕಿವಿ ಅರ್ಧ ಅವಳ ಬಾಯಲ್ಲಿ, ಅರ್ಧ ಅವನ ತಲೆಯಲ್ಲಿ ಉಳಿಯಿತು. ಅವನು ಹೊಟ್ಟೆಗೆ ಗುದ್ದಿದ. ಅವಳು ಹಣೆಯಿಂದ ಅವನ ಮೂಗಿಗೆ ಗುದ್ದಿದಳು, ಮತ್ತೆ ಗುದ್ದಿದಳು, ಅವನು ಬಿದ್ದ ಮೇಲೂ ಮೊಣಕಾಲೂರಿ ಪಕ್ಕೆಲುಬುಗಳನ್ನು ಒಂದೊಂದಾಗಿ ಮಾತಾಡಿಸಿದಳು. ಅದು ಹೆಮ್ಮೆಯ ಹೊಡೆತವಲ್ಲ. ಬಕೆಟ್ಟಿಗೆ ಹೋದ ಕೈಯ ಹೊಡೆತ. ವೆಲ್ಡರಣ್ಣ ತೆವಳಿಕೊಂಡು ಬಂದು, "ಅಕ್ಕಾ, ಸಂಜೆ ಆಗ್ತಿದೆ, ಆಸ್ಪತ್ರೆ," ಎಂದಾಗಲೇ ಅವಳು ನಿಲ್ಲಿಸಿದ್ದು. ಅಷ್ಟರಲ್ಲಿ ಗೋಣಿ ತೆವಳುತ್ತಾ, ನೆಗಡಿ ಪ್ಯಾಂಟಿಲ್ಲದ ಬರಿಗಾಲಲ್ಲಿ ತಮ್ಮ ಯಜಮಾನನನ್ನು ಕಾಲು ಹಿಡಿದು ಎಳೆದುಕೊಂಡು ಗೇಟು ದಾಟಿದರು.

ಅವಳು ಒಂದು ಕೈಯಲ್ಲಿ ಏಣಿ ಹತ್ತಿದಳು. ಮೆಟ್ಟಿಲು ಮೆಟ್ಟಿಲಿಗೂ ರಕ್ತ ಜಾರುತ್ತಿತ್ತು.

"ಅಜ್ಜಾ, ನಿನ್ನ ತಗಡು ಎಲ್ಲಿ?"

"ಏನು?"

"ತಗಡು! ಪದ ಕು‌ಟ್ಟಿದ್ದು!"

ಅಜ್ಜ ಚಹಾದ ಗ್ಲಾಸಿನ ಮೇಲೆ ಮುಚ್ಚಿದ್ದ ಉಕ್ಕಿನ ತಗಡನ್ನು ತೆಗೆದುಕೊಟ್ಟ. "ನೊಣ ಬೀಳುತ್ತೆ ಅಂತ ಮುಚ್ಚಿದ್ದೆ."

ಅವಳ ಫೋನು ಗೋಣಿಯ ಕಾಲಿನಡಿ ಚೂರಾಗಿತ್ತು. ಇಬ್ಬರದೂ ಅಜ್ಜನ ಫೋನಿನಲ್ಲೇ ಆಗಬೇಕು. ಅಜ್ಜನ ಪದಗಳು ಮೊದಲು ಫೋನಿಗೆ ಹೋದವು. ಅವಳವನ್ನು ಅಜ್ಜ ಒತ್ತಬೇಕಿತ್ತು, ಅವಳ ಬೆರಳುಗಳು ರಕ್ತಕ್ಕೆ ಜಾರುತ್ತಿದ್ದವು. ಸತ್ತರೂ ಹೇಳಬಾರದ ಗುಟ್ಟಿನ ಪದಗಳನ್ನು ಅವಳು ಅಜ್ಜನ ಕಿವಿಗೆ ಒಂದೊಂದಾಗಿ ಕಿರುಚಿದಳು. ಮೂರು ಬೀದಿಯವರು ಕಿಟಕಿ ತೆರೆದು ಕೇಳಿಸಿಕೊಂಡರು. ಏಳನೆಯದನ್ನು ಅಜ್ಜ ಎರಡು ಸಲ ತಪ್ಪು ಒತ್ತಿದ. ಕೊನೆಯ ಒಪ್ಪಿಗೆಯನ್ನು ಅವಳು ಮೂಗಿನಿಂದ ಒತ್ತಿದಳು. ಆಸ್ಪತ್ರೆಯ ಹಣ ಆಸ್ಪತ್ರೆಗೆ ಹೋಯಿತು, ಉಳಿದದ್ದು ಆಗಲೇ ಮಾಡಿದ ಹೊಸ ಪೆಟ್ಟಿಗೆಗೆ ಹೋಯಿತು. ಯಾರೂ ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಪರದೆಯ ಮೇಲೆ ರಕ್ತದ ಒಂದು ಚುಕ್ಕೆ ಮಾತ್ರ ಉಳಿಯಿತು.

ಸೋಮವಾರ ಬೆಳಗ್ಗೆ ತಮ್ಮನ ಹೆಗಲ ಕೆಳಗಿನ ಕೊಳೆತದ್ದನ್ನೆಲ್ಲ ಕೊಯ್ದು ತೆಗೆದರು. ಮಧ್ಯಾಹ್ನ ಅವನಿಗೆ ಎಚ್ಚರವಾಗಿ, ಅಕ್ಕನ ಮುಖ ನೋಡಿ, "ನಂಗೆ ಆಪರೇಷನ್ನೋ ನಿಂಗೋ?" ಎಂದು ಕೇಳಿದ. ಅವಳು ಅವನ ಉದ್ದದ ಕಿವಿಯನ್ನು ಮೆತ್ತಗೆ ಎಳೆದು ಕಾರಿಡಾರಿಗೆ ಬಂದು, ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡಳು.

ತಿರುಗಿದರೆ ಬೆಂಚಿನ ಮೇಲೆ ತಕ್ಕಡಿ. ಕಿವಿಗೆ ಬಟ್ಟೆ, ಹೆಗಲು ಜೋತಿದೆ, ಉಸಿರೆಳೆದರೆ ಪಕ್ಕೆ ಕಿರಿಕಿರಿ ಅನ್ನುತ್ತದೆ. ನಿನ್ನೆಯಿಂದ ಯಾರೂ ಅವನನ್ನು ಒಳಗೆ ಸೇರಿಸಿಕೊಂಡಿರಲಿಲ್ಲ. ಅವನ ಆಸ್ತಿಯೆಲ್ಲ ಹಳೆಯ ಕಂಪನಿಯ ನಾಣ್ಯದಲ್ಲಿತ್ತು. ಅಂಗಳದ ಸುದ್ದಿ ಊರು ತುಂಬಿದಾಗ ಪೊಲೀಸ್ ಗೆಳೆಯ ತನ್ನ ಖಾಕಿ ಅಂಗಿ ಉಳಿಸಿಕೊಳ್ಳಲು ರಾತ್ರೋರಾತ್ರಿ ಇನ್ನೊಂದು ಪತ್ರ ಬರೆದಿದ್ದ, ಈ ಸಲ ತಕ್ಕಡಿಯ ವಿರುದ್ಧ. ಕಂಪನಿ ಎಂದಿನಂತೆ ಗುಂಡಿ ಒತ್ತಿತ್ತು.

"ಅಕ್ಕಾ," ಎಂದ ಅವನು. "ನಾನೂ ಗುಜರಿ ಬೀದಿಯವನೇ ಅಲ್ವಾ. ಗಾಯದ ಹಣದಲ್ಲಿ ನಂಗೂ ಒಂಚೂರು..."

"ಅದು ಕೆಲಸ ಮಾಡ್ತಾ ಗಾಯ ಆದೋರಿಗೆ."

"ನಿನ್ನ ಹೊಡೀತಿದ್ದೆನಲ್ಲ, ಅದೇನು ಆಟ ಅಂದ್ಕೊಂಡ್ಯಾ? ನಾನು ಮಾಡೋ ಕೆಲಸ ಅದೇ ತಾನೆ!"

ಸುತ್ತಿಗೆಯಕ್ಕ ಕಟ್ಟುಹಾಕಿದ ಬೆರಳಿನಿಂದ ಅವನ ಮುಖದ ಮುಂದೆ ಗಾಳಿಯಲ್ಲಿ, ಲೆಕ್ಕ ಹೊಡೆದುಹಾಕುವಂತೆ, ಒಂದು ಗೀಟು ಎಳೆದಳು.

"ಅದನ್ನೂ ಅರ್ಧಕ್ಕೆ ಬಿಟ್ಟು ಹೋದ್ಯಲ್ಲೋ. ನಮ್ಮ ಬೀದೀಲಿ ಅರ್ಧ ಕೆಲಸಕ್ಕೆ ಕೂಲಿ ಇಲ್ಲ."